ಕುಕ್ರಿಗೆ ಕುಂಕುಮ

ನಮ್ಮ ಆದೋನಿಯ ಮನೆಯಲ್ಲಿ ಹೆಂಗಸರ ಪಾಲಿಗೆ ಬಂದ ಕಬ್ಬಿಣವೆಲ್ಲ ಕೂತಲ್ಲೇ ಕೂತಿರುವಂಥದ್ದು. ಈಳಿಗೆಮಣೆ ಅಡುಗೆಮನೆಯ ಮೂಲೆಯಲ್ಲಿ ನೆಲ ಹಿಡಿದು ಕೂತಿರುತ್ತಿತ್ತು; ಬದನೆಕಾಯಿಯೇ ಅದರ ಹತ್ತಿರ ಹೋಗಿ ಹೋಳಾಗಬೇಕು. ಕಾಯಿ ತುರಿಯುವ ಮಣೆಯದೂ ಅದೇ ದೌಲತ್ತು. ಗಂಡಸರ ಕಬ್ಬಿಣ ಮಾತ್ರ ಊರೆಲ್ಲ ತಿರುಗುತ್ತಿತ್ತು. ಅಪ್ಪನ ಜೇಬಿನ ಚಾಕು ದಿನಾ ಬೆಳಿಗ್ಗೆ ಹತ್ತಿ ಮಾರುಕಟ್ಟೆಗೆ ಹೋಗಿ, ಚೀಲಗಳ ಹೊಟ್ಟೆ ಸೀಳಿ, ಒಳಗಿನ ಅರಳೆ ಎಂಥದ್ದೆಂದು ನೋಡಿಕೊಂಡು, ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಬರುತ್ತಿತ್ತು. ಅಪ್ಪ ಊಟವಾಗಿ ಅಡ್ಡಾದಾಗ ನಾನು ಗೂಟಕ್ಕೆ ತೂಗುಹಾಕಿದ ಅಂಗಿಯ ಜೇಬಿಗೆ ಮೂಗು ಹಚ್ಚಿ ಆ ಚಾಕುವಿನ ವಾಸನೆ ನೋಡುತ್ತಿದ್ದೆ. ಕಬ್ಬಿಣ, ಎಲೆಅಡಿಕೆ, ಹತ್ತಿಬೀಜದ ಎಣ್ಣೆ. ಹತ್ತು ವರ್ಷದ ಹುಡುಗಿಗೆ ಇದೆಂಥ ಹುಚ್ಚು!

ಕೋಟೆ ಗುಡ್ಡದ ಬುಡದ ಓಣಿಯಲ್ಲಿ ಮಣ್ಣಿನ ಮಾಳಿಗೆಯ ಮನೆ ನಮ್ಮದು. ಮುಂದಿನ ಪಡಸಾಲೆಯಲ್ಲಿ ಅಪ್ಪನ ಗಾದಿ, ಹತ್ತಿ ತಂದ ರೈತರು ಕೂರುವ ಜಮಖಾನೆ. ಅದರ ಹಿಂದೆ ದೇವರ ಕೋಣೆ, ಅದಕ್ಕೆ ತಗುಲಿಕೊಂಡೇ ಅಡುಗೆಮನೆ. ಹತ್ತಿಯ ಎಳೆ ಇಲ್ಲದ ವಸ್ತುವೇ ಆ ಮನೆಯಲ್ಲಿರಲಿಲ್ಲ. ಬೇಳೆಯಲ್ಲಿ ಎಳೆ, ಹಾಸಿಗೆಯಲ್ಲಿ ಎಳೆ, ಅಜ್ಜಿಯ ವಿಭೂತಿ ಗಟ್ಟಿಯ ಮೇಲೂ ಎಳೆ. ಅಜ್ಜಿ ಹಾಲಿನ ಕೆನೆಯಿಂದ ಎರಡು ಬೆರಳಲ್ಲಿ ಎಳೆ ಎತ್ತಿ ಬೆಳಕಿಗೆ ಹಿಡಿದು, "ಇದು ಆಲೂರು ಕಡೇದು, ಬಾಳಿಕಿ ಬರಂಗಿಲ್ಲ" ಎಂದು ಅಪ್ಪನನ್ನು ಅಣಕಿಸುತ್ತಿದ್ದಳು. ಮನೆಯ ಕಾಯಿದೆಯೆಲ್ಲ ಆಕೆಯದು. ಶನಿವಾರ ಮನೆಯೊಳಗೆ ಹೊಸ ಕಬ್ಬಿಣ ಬರಬಾರದು. ಲಿಂಗಪೂಜೆಯಾಗದೆ ಒಲೆ ಹೊತ್ತಬಾರದು. ಕಾಯಿಪಲ್ಯವನ್ನು 'ಕಡಿ' ಎನ್ನಬಾರದು, 'ಹೆಚ್ಚು' ಎನ್ನಬೇಕು. ಕಡಿಯುವುದು ಕಟುಕರ ಮಾತು, ಶಿವಪೂಜೆಯ ಮನೆಗೆ ಅದು ಶೋಭೆಯಲ್ಲ. ಅಂಥ ಮನೆಗೆ ಒಂದು ದಿನ ಕುಕ್ರಿ ಬಂತು. ತಂದವಳು ನನ್ನ ಸೋದರತ್ತೆ.

ಬಸಮ್ಮತ್ತೆ ಅಪ್ಪನ ಬೆನ್ನಿಗೆ ಬಿದ್ದ ತಂಗಿ. ಹಾಲಹರವಿಯ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ್ದರಿಂದ, ನಮ್ಮ ಮನೆಗೆ ಬಂದು ಮೂರು ವರ್ಷವಾಗಿತ್ತು. ಎತ್ತರದ ಆಳು, ದೊಡ್ಡ ಪಾದ, ದೊಡ್ಡ ನಗು. ಜನರನ್ನು ನೋಡುವಾಗ ಆಕೆ ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದಳು. ಓಣಿಯಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದರೆ, ಚಪ್ಪಲಿ ಹೊಲಿಯುವವನಾಗಲಿ ಚಕ್ರಕ್ಕೆ ಪಟ್ಟಿ ಹಾಕುವವನಾಗಲಿ, ಸೊಂಟಕ್ಕೆ ಕೈಕೊಟ್ಟು ನಿಂತುಬಿಡುವಳು. ಮನೆಗೆ ಬಂದು ಅದನ್ನೇ ಮಾಡಿ ತೋರಿಸುವಳು. ಆಕೆಗೆ ಓದು ಬರಹ ಇರಲಿಲ್ಲ. ತೆಲುಗು ಶಾಲೆಯಲ್ಲಿ ಐದು ವರ್ಷ ಕಲಿಸಿದವರು ಯಾರೂ ನನಗೆ ನೋಡುವುದನ್ನು ಕಲಿಸಲಿಲ್ಲ. ಅದನ್ನು ಕಲಿಸಿದವಳು ಅತ್ತೆ. ಇದನ್ನು ನಾನು ಯಾರೆದುರಿಗಾದರೂ ಹೇಳಬಲ್ಲೆ.

ಗಂಡನ ಪಾಲಿನಿಂದ ಆಕೆಗೆ ಎಂಟು ಎಕರೆ ಎರೆಹೊಲ ಮತ್ತು ಊರಲ್ಲಿ ಎರಡು ಅಂಕಣದ ಮನೆ ಬಂದಿತ್ತು. ಹೊಲವನ್ನು ಮೈದುನ ಈರಣ್ಣ ಕೋರಿಗೆ ಮಾಡುತ್ತಿದ್ದ. ಎಂದರೆ ಬೆಳೆದದ್ದರಲ್ಲಿ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಅತ್ತೆಗೆ ಕಳಿಸಬೇಕು. ಉಳಿದದ್ದು ಎಷ್ಟು ಎಂಬುದನ್ನು ಅವನೇ ತೀರ್ಮಾನಿಸುತ್ತಿದ್ದ. ಆ ವರ್ಷ ಯುಗಾದಿ ಕಳೆದು ಮೂರನೆಯ ದಿನ ಅಪ್ಪ ಊಟಕ್ಕೆ ಕೂತಿದ್ದ. ಅತ್ತೆ ಬಿಸಿ ರೊಟ್ಟಿ ತಂದು ತಟ್ಟೆಗೆ ಹಾಕಿದಳು, ಪುಂಡಿಪಲ್ಯದ ಮೇಲೆ ಎಣ್ಣೆ ಬಿಟ್ಟಳು.

"ಈರಣ್ಣ ಮಾರ್ಕೆಟ್ಟಿಗೆ ಬಂದಿದ್ದ," ಎಂದ ಅಪ್ಪ. "ಹೊಲ ಖಾಯಂ ಕೋರಿಗೆ ಬರ್ಕೊಡ್ರಿ ಅಂತಾನ. ನಿನಗೂ ನಿಶ್ಚಿಂತಿ, ನನಗೂ ನಿಶ್ಚಿಂತಿ."

"ನನಗ ಚಿಂತಿ ಐತಂತ ಅಂವಗ ಯಾರು ಹೇಳಿದ್ರಣ್ಣ? ಈ ಸಲ ನಾನ ಬಿತ್ತೀನಿ."

ಅಪ್ಪನ ಕೈಯ ತುತ್ತು ಕೈಯಲ್ಲೇ ನಿಂತಿತು.

"ಹೊಲ ನೋಡೀಯೇನು ನೀನು? ಬದುವಿನ ಮ್ಯಾಲ ಬಳ್ಳಾರಿ ಜಾಲಿ ಆಳೆತ್ತರ ಬೆಳದೈತಿ. ಆ ಊರಾಗ ಈರಣ್ಣನ ಮಾತು ಮೀರಿ ಒಂದು ಆಳು ನಿನ್ನ ಹೊಲಕ್ಕ ಬರಂಗಿಲ್ಲ."

"ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಅಂತಾರ. ಮಗ ನನಗಿಲ್ಲ, ಆಳು ಬರಂಗಿಲ್ಲ ಅಂತಿ. ಉಳದಿದ್ದು ಉತ್ತಮ ಒಂದ ಅಲ್ಲೇನು?"

ಅಡುಗೆಮನೆಯಲ್ಲಿ ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಅಪ್ಪ ನಗಲಿಲ್ಲ. ಅವನು ಕೆಟ್ಟವನಲ್ಲ, ತಂಗಿ ಬಿಸಿಲಲ್ಲಿ ಬೇಯುವುದನ್ನು ನೋಡಲಾರದವನು, ಜೊತೆಗೆ ಮಾತು ಬೆಳೆಯುವುದನ್ನೂ ಸಹಿಸಲಾರದವನು. ಕೈ ತೊಳೆದುಕೊಂಡು ಬಂದು ಒಂದು ಷರತ್ತು ಹಾಕಿದ.

"ಸರೆ. ಮುಂಗಾರಿ ಮಳಿ ಬೀಳೋದ್ರಾಗ ನಾಕೂ ಕಡೆ ಬದು ಹಸನ ಮಾಡು. ಆತಂದ್ರ ನೀನ ಬಿತ್ತು. ಆಗಲಿಲ್ಲಂದ್ರ ಈರಣ್ಣಗ ನಾ ಹೂಂ ಅಂತೀನಿ. ಆಮ್ಯಾಲ ಆ ಹೊಲದ ಮಾತು ಈ ಮನ್ಯಾಗ ಬರಬಾರದು."

ಹೊಲ ಆಕೆಯದು, ಹೂಂ ಅನ್ನುವ ಬಾಯಿ ಅಣ್ಣನದು. ಇದು ವಿಚಿತ್ರ ಎಂದು ಆಗ ನಮಗಾರಿಗೂ ಅನಿಸಲಿಲ್ಲ.

ಮರುದಿನ ಸಂಜೆ ನಾನೂ ಅತ್ತೆಯೂ ಗುಡಿಯಿಂದ ಬರುತ್ತಿದ್ದಾಗ ಹತ್ತಿ ಮಿಲ್ಲಿನ ಗೂರ್ಖಾ ಬೇಲಿಯ ಜಾಲಿ ಸವರುತ್ತಿದ್ದ. ಕುಳ್ಳು ಮನುಷ್ಯ, ಖಾಕಿ ಚಡ್ಡಿ. ಅವನ ಕೈಯಲ್ಲಿ ಮೊಣಕೈಯಂತೆ ಬಾಗಿದ ದಪ್ಪ ಕತ್ತಿ, ಕುಕ್ರಿ. ನನ್ನ ತೋಳಿನಷ್ಟು ದಪ್ಪದ ಕೊಂಬೆ ಒಂದೇ ಏಟಿಗೆ ಬೀಳುತ್ತಿತ್ತು, ಅವನಿಗೆ ಬೆವರೂ ಬಂದಿರಲಿಲ್ಲ. ಅತ್ತೆ ರಸ್ತೆಯಲ್ಲೇ ನಿಂತಳು. ಎಮ್ಮೆಗಳು ಮನೆಗೆ ಹೋದವು, ಓಣಿಯಲ್ಲಿ ದೀಪ ಹಚ್ಚಿದರು, ಆಕೆ ನಿಂತೇ ಇದ್ದಳು.

"ನೋಡು," ಎಂದಳು ಕೊನೆಗೆ, "ಭಾರ ಎಲ್ಲಾ ಮುಂದ ಐತಿ. ಕೈ ಬರೇ ಎತ್ತತೈತಿ, ಅದು ತಾನ ಬೀಳತೈತಿ. ಕೊಡ್ಲಿ ಆದ್ರ ಎರಡು ಕೈ ಬೇಕು, ಮುಳ್ಳು ಹಿಡಿಯಾಕ ಕೈ ಉಳಿಯಂಗಿಲ್ಲ. ಕುಡಗೋಲು ನೋಡಿದ್ರ ಜಾಲಿ ನಗತೈತಿ. ನನಗ ಬೇಕಾದ್ದು ಇದು."

ಖಾದರ ಸಾಬನ ಹಳೇ ಕಬ್ಬಿಣದ ಅಂಗಡಿಗೆ ನಾವು ಹೋದದ್ದು ಶುಕ್ರವಾರ, ಅಜ್ಜಿಯ ಶನಿವಾರ ತಪ್ಪಿಸಲು. ಬಳ್ಳಾರಿಯ ಮಿಲಿಟರಿ ಕ್ಯಾಂಪಿನಲ್ಲಿ ಹರಾಜಾದ ಸಾಮಾನು ಅವನಲ್ಲಿಗೆ ಬರುತ್ತಿತ್ತು. ತಗಡಿನ ಮಗ್ಗು, ನೀರಿನ ಬಾಟಲಿ, ಒಂಟಿ ಬೂಟು, ಅದರ ನಡುವೆ ಗೋಣಿಚೀಲದಲ್ಲಿ ಕಟ್ಟಿಗೆಯಂತೆ ತುಂಬಿದ ಕುಕ್ರಿಗಳು. ಹೆಂಗಸೊಬ್ಬಳು ಬಂದು ಕುಕ್ರಿ ತೋರಿಸು ಎಂದದ್ದಕ್ಕೆ ಖಾದರ ಸಾಬ ಬೆರಗಾಗಿರಬೇಕು. ಆದರೆ ಒಳ್ಳೆಯ ವ್ಯಾಪಾರಿ, ಮುಖದಲ್ಲಿ ತೋರಿಸಲಿಲ್ಲ. ಮೊದಲು ಎತ್ತಿಕೊಟ್ಟದ್ದು ಹಿತ್ತಾಳೆಯ ಸಿಂಹದ ತಲೆಯ ಹಿಡಿಕೆಯಿದ್ದ, ಮುಖ ಕಾಣುವಷ್ಟು ಹೊಳೆಯುತ್ತಿದ್ದ ಒಂದು.

"ಇದು ನೋಡ್ರಿ ಬೆಹೆನ್, ಅಸಲಿ ಮಾಲು. ಪಟೇಲರು ಗ್ವಾಡಿಗೆ ತೂಗುಹಾಕ್ತಾರ."

"ಗ್ವಾಡಿಗೆ ಹಾಕಾಕ ನಮ್ಮ ಮನ್ಯಾಗ ಕನ್ನಡಿ ಐತಿ, ಸಾಬಣ್ಣ. ಆ ಚೀಲ ಬಗ್ಗಸು."

ಚೀಲ ಬಗ್ಗಿಸಿದ. ಅತ್ತೆ ಅಂಗಡಿಯ ಮುಂದೆ ಕಾಲು ಮಡಚಿ ಕೂತಳು. ಅಂದು ಆಕೆ ಮಾಡಿದ್ದೆಲ್ಲ ನನ್ನ ಕಣ್ಣಿಗೆ ಕಟ್ಟಿದೆ. ಒಂದೊಂದನ್ನೂ ಒರೆಯಿಂದ ತೆಗೆದು, ಕಣ್ಣು ಮುಚ್ಚಿ ಹಿಡಿದು, ಮಣಿಕಟ್ಟು ಮೆಲ್ಲಗೆ ಆಡಿಸುವಳು. ಕೈಗೆ ಒಗ್ಗದ್ದು ಎಡಕ್ಕೆ, ಒಗ್ಗಿದ್ದು ಬಲಕ್ಕೆ. ಬಲಕ್ಕೆ ಬಂದವುಗಳ ಹಿಡಿಕೆಯ ಬುಡ ನೋಡಿದಳು. ಕೆಲವಕ್ಕೆ ಅಲಗಿನ ಬಾಲ ಹಿಡಿಕೆಯ ತುದಿಯವರೆಗೆ ಬಂದು ಅಲ್ಲಿ ಬಡಿದು ಕೂರಿಸಿತ್ತು; ಕೆಲವಕ್ಕೆ ಅರ್ಧಕ್ಕೇ ಮುಗಿದು ಅರಗಿನಿಂದ ಅಂಟಿಸಿತ್ತು. "ಬಿಸಲಿಗೆ ಅರಗು ಕರಗತೈತಿ, ಅಲಗು ಹಾರಿ ಮಂದಿ ಮ್ಯಾಲ ಬೀಳತೈತಿ," ಎಂದು ಅರಗಿನವನ್ನೆಲ್ಲ ಎಡಕ್ಕೆ ಸರಿಸಿದಳು. ಉಳಿದ ನಾಲ್ಕನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೆ ಹಿಡಿದಳು. ಒಂದು ಒಡೆದ ಮಡಕೆಯ ಸದ್ದು ಮಾಡಿತು. ಮೂರು ಉಳಿದವು. ಅವುಗಳಲ್ಲಿ ಒಂದೊಂದರಿಂದಲೂ ಅಂಗಡಿಯ ಮುಂದೆ ಬಿದ್ದಿದ್ದ ಗಾಡಿಯ ಹಳೆಯ ಗೂಟಕ್ಕೆ ಒಂದೊಂದು ಏಟು ಹಾಕಿ, ಗೂಟವನ್ನು ನೋಡದೆ ತನ್ನ ಅಂಗೈಯನ್ನು ನೋಡಿಕೊಂಡಳು. ಯಾವುದು ಕೈಗೆ ಝುಂ ಅನ್ನಲಿಲ್ಲವೋ ಅದು ಆಕೆಯದಾಯಿತು. ಕಪ್ಪು ಮರದ ಹಿಡಿಕೆ, ಒರೆಯ ಚರ್ಮ ಒಂದು ಮಗ್ಗುಲಿಗೆ ಹರಿದಿತ್ತು. ಎಲ್ಲಕ್ಕಿಂತ ಕುರೂಪಿಯಾದದ್ದು ಅದೇ. ಒರೆಯ ಬೆನ್ನಿಗೆ ಸಣ್ಣ ಕಿಸೆ, ಅದರಲ್ಲಿ ಬೆರಳುದ್ದದ ಎರಡು ಪುಟ್ಟ ಕಬ್ಬಿಣ: ಒಂದು ಹರಿತ, ಒಂದು ಮೊಂಡ.

ಖಾದರ ಸಾಬ ಗಡ್ಡ ನೀವಿಕೊಂಡ. "ಬೆಹೆನ್, ಇಪ್ಪತ್ತು ವರ್ಸ ಆತು ಕಬ್ಬಿಣ ಮಾರಾಕ ಹತ್ತಿ. ಇಂಥಾ ಗಿರಾಕಿ ನೋಡಿಲ್ಲ."

ಅತ್ತೆ ನನ್ನತ್ತ ತಿರುಗಿದಳು. "ನಿನಗೂ ಒಂದು ಚಾಕು ಆರಿಸ್ಕೊ. ನಿನ್ನ ಕೈ, ನಿನ್ನ ಆಯ್ಕಿ. ನಾ ಬಾಯಿ ಹಾಕಂಗಿಲ್ಲ."

ಇಷ್ಟು ಹೊತ್ತು ಕಣ್ಣೆದುರೇ ಪಾಠ ನಡೆದಿತ್ತಲ್ಲ, ಅದರಿಂದ ನಾನು ಕಲಿತದ್ದು ಸೊನ್ನೆ. ಗಾಜಿನ ಪೆಟ್ಟಿಗೆಯಲ್ಲಿದ್ದ ಮಡಚುವ ಚಾಕುಗಳಲ್ಲಿ ಮುತ್ತಿನ ಸಿಂಪಿಯ ಹಿಡಿಕೆಯದ್ದು, ಬಣ್ಣ ಬಣ್ಣ ಮಿಂಚುವುದು, ಎರಡು ಅಲಗಿನದು, ಅದನ್ನೇ ಬಾಚಿಕೊಂಡೆ. ಕಣ್ಣು ಮುಚ್ಚುವ ಮಾತು ಹಾಗಿರಲಿ, ರೆಪ್ಪೆ ಕೂಡ ಬಡಿಯಲಿಲ್ಲ. ಅತ್ತೆ ಖಾದರ ಸಾಬನ ಮುಖ ನೋಡಿದಳು, ಅವನು ಆಕಾಶ ನೋಡಿದ. ಕೊಟ್ಟ ಮಾತಿನಂತೆ ಆಕೆ ಬಾಯಿ ಹಾಕಲಿಲ್ಲ. ಮುಂದೆ ಜೀವನದಲ್ಲಿ ಸೀರೆ, ಮನೆ, ಪಾತ್ರೆ ಎಲ್ಲವನ್ನೂ ನಾನು ಅತ್ತೆಯ ರೀತಿಯಲ್ಲೇ ಆರಿಸಿದ್ದೇನೆ. ಅಳಿಯನ ವಿಷಯದಲ್ಲಿ ಮಾತ್ರ ಸಿಂಪಿಯ ಹಿಡಿಕೆಗೆ ಮರುಳಾದೆ.

ಹೊರಡುವಾಗ ಖಾದರ ಸಾಬ ದನಿ ತಗ್ಗಿಸಿ ಹೇಳಿದ.

"ಒಂದು ಬಾತು ಬೆಹೆನ್. ಹೇಳ್ಲಿಲ್ಲಂದ್ರ ನನಗ ಗುನ್ಹಾ ಬರ್ತೈತಿ. ಇದು ಒಮ್ಮಿ ಒರೀ ಬಿಟ್ಟು ಹೊರಗ ಬಂತಂದ್ರ ಖೂನ್ ಕಾಣದ ಒಳಗ ಹೋಗಂಗಿಲ್ಲಂತ. ಗೂರ್ಖಾ ಲೋಗ್ ಹಂಗ ನಡಸ್ತಾರಂತ."

ಅತ್ತೆ ತಲೆ ಆಡಿಸಿ ಸುಮ್ಮನಾದಳು. ನಾನು ಸುಮ್ಮನಾಗಬೇಕಲ್ಲ! ಬಾಗಿಲ ಹೊಸ್ತಿಲು ದಾಟುವ ಮೊದಲೇ "ಅಜ್ಜೀ, ಇದಕ್ಕ ರಕ್ತ ಬೇಕಂತ" ಎಂದು ಕೂಗಿಬಿಟ್ಟೆ. ಅಜ್ಜಿ ಎರಡೂ ಕೈ ಅಡ್ಡ ಹಿಡಿದು ಬಾಗಿಲಲ್ಲಿ ನಿಂತಳು.

"ಶಿವಪೂಜಿ ಮನಿ ಇದು ಬಸಮ್ಮ. ಕಡಿ ಅನ್ನೋ ಮಾತೇ ಬರಬಾರದ ಮನ್ಯಾಗ ರಕ್ತ ಕುಡಿಯೋ ಚೂರಿ ತಂದೀಯೇನು?"

"ಜಾಲಿ ಕಡಿಯಾಕ ತಂದೀನವ್ವ."

"ಜಾಲ್ಯಾಗ ರಕ್ತ ಎಲ್ಲೈತಿ? ಅದು ಒಳಗ ಹೋಗಬೇಕಾದ್ರ ಯಾರ್ದರ ಕೈ ಬೇಕು. ನಿಂದ ಕೊಡ್ತೀಯೇನು?"

ಕುಕ್ರಿ ಹೊರಗಿನ ಕಟ್ಟೆಯ ಗೂಡಿನಲ್ಲಿ ಉಳಿಯಿತು. ಅಪ್ಪನಿಗೆ ಒಳಗೊಳಗೇ ಖುಷಿ. ತಾನು ಬೇಡ ಅನ್ನುವ ಮೊದಲೇ ದೇವರು ಬೇಡ ಅಂದಹಾಗಾಗಿತ್ತು. ಅತ್ತೆ ಅವತ್ತು ಊಟ ಮಾಡಲಿಲ್ಲ. ಮಳೆಗೆ ಎರಡು ತಿಂಗಳೂ ಉಳಿದಿಲ್ಲ, ಕುಕ್ರಿಯಿಲ್ಲದೆ ಬದು ಹಸನಾಗುವಂತಿಲ್ಲ, ಬದು ಹಸನಾಗದೆ ಹೊಲ ಉಳಿಯುವಂತಿಲ್ಲ. ನನ್ನ ನಾಲಿಗೆಯನ್ನು ಈಳಿಗೆಗೆ ಕೊಡಬೇಕು ಅನ್ನಿಸಿತು.

ಮರುದಿನ ಅಜ್ಜಿಯ ಪೂಜೆ ಎಂದಿಗಿಂತ ಉದ್ದವಾಯಿತು. ಎದ್ದು ಬಂದವಳು ಪಡಸಾಲೆಯ ಕಂಬಕ್ಕೆ ಒರಗಿ, ನ್ಯಾಯ ಹೇಳುವವರ ದನಿಯಲ್ಲಿ ಶುರುಮಾಡಿದಳು. ಮಗನ ಮಾತಿಗೆ ಎದುರಾಡದಿದ್ದರೂ ಆಕೆಯ ಮನಸ್ಸು ಮಗಳ ಕಡೆಗಿತ್ತು ಎಂದು ನನಗೆ ತಿಳಿದದ್ದು ಆಗಲೇ.

"ರಕ್ತ ಅಂದ್ರೇನು? ಕೆಂಪು. ಮಾರೆಮ್ಮಗ ಕುರಿ ಕೊಡೋ ಮಂದಿ ಕೊಡ್ತಾರ. ನಾವು ಕುಂಬಳಕಾಯಿಗೆ ಕುಂಕುಮ ಹಚ್ಚಿ ಒಡೀತೀವಿ. ದೇವರಿಗೇ ನಡದೈತಿ, ಈ ಚೂರಿಗೆ ನಡೆಯಂಗಿಲ್ಲೇನು? ಪ್ರತಿ ಸಲ ಒಳಗ ಇಡೋವಾಗ ಕುಂಕುಮ ಹಚ್ಚಿ ಇಡ್ರಿ."

ಅಪ್ಪ ಗಾದಿಯಿಂದಲೇ ಎಂದ: "ಬಸಮ್ಮ ಕುಂಕುಮ ಮುಟ್ಟಂಗಿಲ್ಲಲ್ಲವ್ವ."

ಗಂಡ ಸತ್ತವಳು ಕುಂಕುಮ ಮುಟ್ಟುವುದು ಆಗ ನಮ್ಮಲ್ಲಿ ಇರಲಿಲ್ಲ. ಅತ್ತೆ ನೆಲ ನೋಡುತ್ತ ನಿಂತಿದ್ದಳು, ಆಕೆಯ ವಿಭೂತಿ ಹಚ್ಚಿದ ಹಣೆ ನನಗೆ ಅವತ್ತು ಮೊದಲ ಸಲ ಬರಿದಾಗಿ ಕಂಡಿತು.

"ನಾ ಹಚ್ತೀನಿ," ಎಂದೆ.

ಅಜ್ಜಿ ಅಪ್ಪನಿಗೆ ಬಾಯಿ ತೆಗೆಯಲು ಬಿಡಲಿಲ್ಲ. "ಹುಡುಗಿ ಹಚ್ತಾಳ. ಸಾಲಿ ಹೆಂಗೂ ರಜಾ ಐತಿ. ಆ ಚೂರಿ ಹೋದಲ್ಲಿ ಹುಡುಗಿ ಹೋಗ್ತಾಳ."

ಹೀಗೆ ನಾನು ಕುಂಕುಮದ ಭರಣಿ ಹಿಡಿದುಕೊಂಡು ಬಸ್ಸು ಹತ್ತಿದೆ. ಸೋಮವಾರ ಹೋಗುವುದು, ಶನಿವಾರ ಬರುವುದು. ಅತ್ತೆಯ ಎರಡು ಅಂಕಣದ ಮನೆಯಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ರೊಟ್ಟಿ, ಶೇಂಗಾಚಟ್ನಿ ಕಟ್ಟಿಕೊಂಡು ಹೊಲಕ್ಕೆ ನಡೆಯುತ್ತಿದ್ದೆವು. ಬದು ನೋಡಿದ ದಿನ ನನಗೆ ಅಳು ಬಂತು. ಅದು ಬದುವಲ್ಲ, ಮುಳ್ಳಿನ ಗೋಡೆ. ಅತ್ತೆ ಸೀರೆಯ ಕಚ್ಚೆ ಹಾಕಿ, ಎಡಗೈಗೆ ಗೋಣಿತಟ್ಟು ಸುತ್ತಿ, ಒಂದು ಕೊಂಬೆ ಹಿಡಿದು ಬಾಗಿಸಿದಳು. ಕುಕ್ರಿ ಎದ್ದು ಬಿತ್ತು. ಕೊಂಬೆ ಕೈಗೆ ಬಂತು. ಅಷ್ಟೇ. ಅದೇ ಕೆಲಸ, ಬಿಸಿಲೇರುವವರೆಗೆ, ಮತ್ತೆ ಬಿಸಿಲಿಳಿದ ಮೇಲೆ. ಆಕೆಗೆ ಅವಸರವಿಲ್ಲ, ಆಯಾಸವನ್ನೂ ತೋರಿಸುವುದಿಲ್ಲ. ಅಷ್ಟು ಚೆಂದವಾಗಿ ಕೆಲಸ ಮಾಡುವವರನ್ನು ನಾನು ಆಮೇಲೆ ಬಹಳ ಕಂಡಿಲ್ಲ. ನನ್ನ ಕೆಲಸ ಕಡಿದ ಕೊಂಬೆಗಳನ್ನು ಕವೆಗೋಲಿನಿಂದ ಎಳೆದು ರಾಶಿ ಹಾಕುವುದು, ಮತ್ತು ಆಕೆ ಕುಕ್ರಿಯನ್ನು ಒರೆಗೆ ಹಾಕುವಾಗಲೆಲ್ಲ ಓಡಿಹೋಗಿ ಕುಂಕುಮ ಹಚ್ಚುವುದು. ಒಣ ಕುಂಕುಮ ನಿಲ್ಲುತ್ತಿರಲಿಲ್ಲ. ಅದಕ್ಕೆ ಬಾವಿಯ ನೀರಲ್ಲಿ ಕಲಸಿ, ಎರಡೂ ಮಗ್ಗುಲಿಗೆ ದಪ್ಪಗೆ, ಭಕ್ತಿಯಿಂದ ಮೆತ್ತುತ್ತಿದ್ದೆ.

ಮೂರನೆಯ ದಿನ ಅತ್ತೆಯ ಹಿಮ್ಮಡಿಗೆ ಮುಳ್ಳು ಮುರಿಯಿತು. ನನ್ನ ಸಿಂಪಿಯ ಚಾಕುವಿಗೆ ಕಾಲ ಬಂತೆಂದು ಹಿಗ್ಗಿದೆ. ಅದರ ಅಲಗು ತೆಗೆಯುವಾಗಲೇ ಉಗುರು ಮುರಿಯಿತು. ತುದಿ ದಪ್ಪ, ಮುಳ್ಳಿನ ಹತ್ತಿರ ಹೋಗಲೊಲ್ಲದು. ಸ್ವಲ್ಪ ಒತ್ತಿದೆ. ಅಲಗು ಹಿಂದಕ್ಕೆ ಮಡಚಿಕೊಂಡು ನನ್ನ ತೋರುಬೆರಳನ್ನು ಕಚ್ಚಿತು. ಗಾಯದ ಗುರುತು ಇಂದಿಗೂ ಇದೆ. ಈಗ ಅತ್ತೆ ನನ್ನ ಬೆರಳು ನೋಡಬೇಕೋ ತನ್ನ ಹಿಮ್ಮಡಿ ನೋಡಬೇಕೋ! ಮೊದಲು ನನ್ನ ಬೆರಳಿಗೆ ಅರಿಶಿನ ಹಾಕಿ ಬಟ್ಟೆ ಸುತ್ತಿದಳು, ಆಮೇಲೆ ನಕ್ಕಳು.

"ಕಣ್ಣು ಮುಚ್ಚು. ಕೈ ಚಾಚು."

ನನ್ನ ಅಂಗೈಯಲ್ಲಿ ಏನನ್ನೋ ಇಟ್ಟಳು. ಹಗುರ, ಆದರೂ ಇದೆ ಎಂದು ತಿಳಿಯುವಂಥದ್ದು. ಹೆಬ್ಬೆರಳು ತಾನಾಗಿ ಹೋಗಿ ಒಂದು ತಗ್ಗಿನಲ್ಲಿ ಕೂತಿತು.

"ಇದು ಬೇಕೋ ಅದು ಬೇಕೋ?"

"ಇದು," ಎಂದೆ, ಕಣ್ಣು ತೆರೆಯದೆಯೇ. ಕುಕ್ರಿಯ ಒರೆಯ ಕಿಸೆಯಲ್ಲಿದ್ದ ಪುಟ್ಟ ಹರಿತದ ಚಾಕು ಅದು. ಅದರ ತುದಿಯಿಂದ ಮುಳ್ಳು ಎರಡು ಗಳಿಗೆಯಲ್ಲಿ ಹೊರಬಂತು. ಸಿಂಪಿಯದನ್ನು ಖಾದರ ಸಾಬನಿಗೆ ವಾಪಸು ಕೊಡುವಾಗ ಅವನು "ಇದು ಶಾದಿ ಮನ್ಯಾಗ ತೋರ್ಸಾಕ ಇರೋದು ಬೇಟಿ" ಎಂದು ಕೂಡಲೇ ಒಪ್ಪಿಕೊಂಡ.

ಮೊದಲ ಶನಿವಾರ ಆದೋನಿಗೆ ಹೊರಟಾಗ ಅತ್ತೆ ಒರೆಗೆ ಹಾಕಿದ ಕುಕ್ರಿ ಭಾನುವಾರ ಹೊರಗೆ ಬರಲಿಲ್ಲ. ಎಳೆದರೂ ಇಲ್ಲ, ತಟ್ಟಿದರೂ ಇಲ್ಲ. ಅಜ್ಜಿ "ಅದಕ್ಕ ತೃಪ್ತಿ ಆಗೈತಿ, ಮಲಗೈತಿ" ಎಂದಳು. ಅತ್ತೆಗೆ ಆ ವೇದಾಂತ ಹಿಡಿಸಲಿಲ್ಲ. ಮಿಲ್ಲಿನ ಗೇಟಿಗೆ ಹೋಗಿ ಗೂರ್ಖಾನ ಮುಂದೆ ಹಿಡಿದಳು. ಅವನು ಒರೆಯನ್ನು ಕಾಲಲ್ಲಿ ಒತ್ತಿಕೊಂಡು ಎರಡು ಕೈಯಿಂದ ಕಿತ್ತ. ಅಲಗಿನ ತುಂಬ ಕೆಂಪು. ಅವನ ಸಣ್ಣ ಕಣ್ಣು ದೊಡ್ಡವಾದವು.

"ಮಾಜೀ, ಕಿಸಕೋ ಕಾಟಾ?" ಯಾರನ್ನು ಕಡಿದಿರಿ?

"ಜಾಲೀನ ಕಡದೀನಪ್ಪ," ಎಂದಳು ಅತ್ತೆ. ಕೈ ಸನ್ನೆ, ಅರ್ಧ ಕನ್ನಡ, ನನ್ನ ಶಾಲೆಯ ಹಿಂದಿ, ಎಲ್ಲ ಸೇರಿಸಿ ಕುಂಕುಮದ ಕತೆ ಹೇಳಿದೆವು. ಅವನು ಮೊದಲು ಕೇಳಿಸಿಕೊಂಡ, ಆಮೇಲೆ ಹೊಟ್ಟೆ ಹಿಡಿದುಕೊಂಡು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತ. ರಕ್ತದ ಮಾತು ಕಳ್ಳರನ್ನು ಹೆದರಿಸಲು ಹೇಳುವುದಂತೆ. ಅವನ ಊರಿನಲ್ಲಿ ಅವನ ಹೆಂಡತಿ ಕುಕ್ರಿಯಿಂದಲೇ ಮೂಲಂಗಿ ಹೆಚ್ಚುತ್ತಾಳಂತೆ. ಪುಟ್ಟ ಮೊಂಡ ಕಬ್ಬಿಣ ಇರುವುದು ಅಲಗನ್ನು ಉಜ್ಜಿ ಹರಿತ ಮಾಡಲು. ಅಲಗಿಗೆ ಬೇಕಾದದ್ದು ಎಣ್ಣೆ. ನಾನು ಹಚ್ಚಿದ ಹಸಿ ಕುಂಕುಮ ಒರೆಯೊಳಗೆ ಸೇರಿ ತುಕ್ಕು ಹಿಡಿಸಿತ್ತು. ಮರಳು, ಎಣ್ಣೆ ಹಾಕಿ ಉಜ್ಜಿ ಅಲಗನ್ನು ಬೆಳ್ಳಗೆ ಮಾಡಿಕೊಟ್ಟ. ನನಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು. ಓಣಿಯ ತಿರುವಿನಲ್ಲಿ ಅತ್ತೆ ನಿಂತಳು.

"ಅಜ್ಜಿಗೆ ಇದನ್ನ ಹೇಳಬ್ಯಾಡ."

"ಯಾಕತ್ತಿ? ಇನ್ನ ಕುಂಕುಮ ಬೇಕಾಗಿಲ್ಲಲ್ಲ."

"ಕುಂಕುಮ ಬ್ಯಾಡಂದ್ರ ನೀನೂ ಬ್ಯಾಡ ಅಂತಾರ. ನೀ ಇಲ್ದ ನನಗ ಹೊಲ್ದಾಗ ಹೊತ್ತು ಹೋಗಂಗಿಲ್ಲ."

ನನ್ನ ಬಾಯಿ ಜೀವನದಲ್ಲಿ ಮೊದಲ ಸಲ ಮುಚ್ಚಿಕೊಂಡಿತು. ಪ್ರತಿ ಸೋಮವಾರ ಅಜ್ಜಿ ಭರಣಿ ತುಂಬಿಸಿಕೊಡುವಳು. ಪ್ರತಿ ಶನಿವಾರ ನಾವು ಬರುವ ದಾರಿಯಲ್ಲಿ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಅರ್ಧ ಖಾಲಿ ಮಾಡುವೆವು. ಅಜ್ಜಿ ತೀರಿಕೊಳ್ಳುವವರೆಗೂ ನಾವಿಬ್ಬರೂ ಅದನ್ನು ಹೇಳಲಿಲ್ಲ.

ಮೂರು ಕಡೆಯ ಬದು ಮುಗಿದು ನಾಲ್ಕನೆಯದಕ್ಕೆ ಬಂದಾಗ ಪಡುವಣದಲ್ಲಿ ಮೋಡ ಕಟ್ಟತೊಡಗಿತು. ಅತ್ತೆ ಮಧ್ಯಾಹ್ನದ ನೆರಳಿಗೂ ಕೂರದಾದಳು. ಆಕೆಯ ಬಲ ಅಂಗೈ ಬೊಕ್ಕೆಯೆದ್ದು, ಒಡೆದು, ಮತ್ತೆ ಗಟ್ಟಿಯಾಗಿತ್ತು. ಅಂಥ ಒಂದು ಮಧ್ಯಾಹ್ನ ಈರಣ್ಣ ಕೊಡೆ ಹಿಡಿದುಕೊಂಡು ಬದುವಿನ ಮೇಲೆ ನಡೆದುಬಂದ. ಬಿಳಿ ಅಂಗಿ, ಮೆದು ಮಾತಿನ ಮನುಷ್ಯ.

"ಭಾಳ ತ್ರಾಸು ಪಡಾಕತ್ತೀರಿ ಅತ್ತಿಗಿ."

"ತ್ರಾಸು ಜಾಲೀಗೆ," ಎಂದಳು ಅತ್ತೆ, ಕೈ ನಿಲ್ಲಿಸದೆ. "ಕಾಕಾಗ ನೀರು ಕೊಡವ್ವ."

ನೀರು ಕೊಟ್ಟೆ. ಕುಡಿದು ಚೊಂಬು ಕೆಳಗಿಟ್ಟ.

"ಆದೋನಿಗೆ ಹೋಗಿದ್ದೆ. ನಿಮ್ಮ ಅಣ್ಣಾರ ಕೂಡ ಹೊಲದ ಮಾತು ಆಡಿ ಬಂದೀನಿ."

ಎದ್ದ ಕುಕ್ರಿ ಬಿತ್ತು. ಕೊಂಬೆಗೆ ಬೀಳಲಿಲ್ಲ, ಮಣ್ಣಿಗೆ ಬಿತ್ತು. ಅಷ್ಟು ದಿನದಲ್ಲಿ ಆಕೆಯ ಏಟು ತಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಣ್ಣಿನಿಂದ ಎಳೆದು ಸೆರಗಿನಲ್ಲಿ ಒರೆಸಿದಳು.

"ಏನಂದ ನಮ್ಮಣ್ಣ?"

ಈರಣ್ಣ ಕೊಡೆಯ ಹಿಡಿಕೆ ತಿರುಗಿಸಿದ. "ಹೊಲ ಆಕೀದು, ನನ್ನೇನು ಕೇಳ್ತಿ, ಹೋಗಿ ಆಕೀನ್ನ ಕೇಳು ಅಂದ್ರು."

"ಇನ್ನೊಮ್ಮಿ ಹೇಳು."

"ಹೊಲ ಆಕೀದು ಅಂದ್ರು, ಅತ್ತಿಗಿ."

"ಹಂಗಾದ್ರ ಕೇಳು."

ಅವನು ಹಸನಾದ ಮೂರು ಬದುಗಳನ್ನು ನೋಡಿದ, ಆಳೆತ್ತರ ಒಟ್ಟಿದ ಜಾಲಿಯ ರಾಶಿಗಳನ್ನು ನೋಡಿದ, ಅತ್ತೆಯ ಅಂಗೈ ನೋಡಿದ. ಕಸಿವಿಸಿಯಾದಾಗ ಅವನು ತೆಲುಗಿಗೆ ಹೊರಳುತ್ತಿದ್ದ.

"ಏಮೀ ಲೇದು ಲೆಂಡಿ, ಏನಿಲ್ಲ ಬಿಡ್ರಿ ಅತ್ತಿಗಿ. ಬಿತ್ತಾಕ ಕೂರಿಗಿ ಬೇಕಾದ್ರ ಹೇಳಿ ಕಳಸ್ರಿ." ಹಾಗೆಂದು ಬಂದ ದಾರಿಯಲ್ಲೇ ನಡೆದುಹೋದ.

ಕೊಡೆ ಬೇವಿನ ಮರ ದಾಟಿ ಮರೆಯಾಗುವವರೆಗೆ ಅತ್ತೆ ನೆಟ್ಟಗೆ ನಿಂತಿದ್ದಳು. ಆಮೇಲೆ ಬದುವಿನ ಮೇಲೆ ಧೊಪ್ಪನೆ ಕೂತಳು. ಬಲಗೈಯನ್ನು ನನ್ನತ್ತ ಚಾಚಿದಳು, ಕುಕ್ರಿ ಅದರಲ್ಲೇ ಇತ್ತು.

"ಬೆರಳು ಬಿಚ್ಚವಲ್ವು ನೋಡು."

ಹಿಡಿಕೆಯ ಸುತ್ತ ಬಿಗಿದುಕೊಂಡಿದ್ದ ಬೆರಳುಗಳನ್ನು ನಾನು ಒಂದೊಂದಾಗಿ ಬಿಡಿಸಿದೆ. ಕಿರುಬೆರಳು ಕೊನೆಗೆ ಬಂತು.

"ಈರಣ್ಣ ಕಾಕಾಗ ಹೆದರಿದೇನತ್ತಿ?"

"ಅಂವಗ್ಯಾಕ ಹೆದರ್ಲಿ? ನಮ್ಮಣ್ಣ ಹೂಂ ಅಂದಿರ್ತಾನಂತ ಹೆದರಿದ್ದೆ."

ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಹಳ ಹೊತ್ತು ಅಳಲಿಲ್ಲ. ಬದು ಇನ್ನೂ ಹತ್ತು ಮಾರು ಉಳಿದಿತ್ತು.